ಬಜೆ ತೇಯ್ದು ನೆಕ್ಕಿಸಿದರೆ ಮಾತು ಬೇಗ ಬರುತ್ತದೆಯೇ?

ಪ್ರಶ್ನೆ: ಮೇಡಂ, ನನಗೆ ಇಬ್ಬರು ಮಕ್ಕಳು. ಮಗನಿಗೆ ಎರಡು ವರ್ಷ ನಾಲ್ಕು ತಿಂಗಳು, ಮಗಳಿಗೆ ನಾಲ್ಕು ತಿಂಗಳು. ಅಮ್ಮನಿಗೆ ಹುಷಾರಿಲ್ಲದ್ದರಿಂದ ಈ ಸಲದ ಬಾಣಂತನವನ್ನು ಅತ್ತೆಯವರೇ ಬೆಂಗಳೂರಿಗೆ ಬಂದು ಮಾಡಿದರು. ಅವರದು ಕೊರಟಗೆರೆ ಕಡೆ, ತವರಿನ ಗದ್ದೆಯಲ್ಲೇ ಬಜೆ ಬೆಳೆಯುತ್ತಾರೆ. ದಿನಾ ಮಗುವಿಗೆ ಎಣ್ಣೆ ಹಚ್ಚಿ ನೀರು ಹಾಕಿದ ಮೇಲೆ ಸಾಣೆಕಲ್ಲಿನ ಮೇಲೆ ಬಜೆಯನ್ನು ನಾಲ್ಕು ಸುತ್ತು ತೇಯ್ದು, ಜೇನುತುಪ್ಪದಲ್ಲಿ ಕಲಸಿ, ಚಿನ್ನದ ಉಂಗುರದಿಂದ ನಾಲಿಗೆಗೆ ಹಚ್ಚುತ್ತಾರೆ. ಕೈಗೆ ಬಜೆ ಮಣಿಯ ಬಳೆಯನ್ನೂ ಹಾಕಿದ್ದಾರೆ. ಕಳೆದ ವಾರ ಒಂದು ದಿನ ಹೀಗೆ ನೆಕ್ಕಿಸಿದ ಮೇಲೆ ಮಗಳು ಮೂರು ಸಲ ವಾಂತಿ ಮಾಡಿಕೊಂಡಳು, ಮಧ್ಯಾಹ್ನವೆಲ್ಲ ಹಾಲಿಗೂ ಏಳದೆ ಮಲಗಿದಳು. ಮಕ್ಕಳ ಡಾಕ್ಟರು ಸರಿಯಾಗಿ ಬೈದರು. ಅತ್ತೆಯವರು, 'ನನ್ನ ನಾಲ್ಕು ಮಕ್ಕಳೂ ಇದನ್ನೇ ತಿಂದು ಬೆಳೆದಿದ್ದು. ದೊಡ್ಡವನಿಗೆ ಬಜೆ ಹಾಕಲಿಲ್ಲ, ಅದಕ್ಕೇ ಅವನಿಗೆ ಇನ್ನೂ ಮಾತು ಬಂದಿಲ್ಲ' ಅನ್ನುತ್ತಾರೆ. ಮಗ ಅಮ್ಮ, ಬಾ, ಬೌಬೌ ಹೀಗೆ ಆರೇಳು ಪದ ಮಾತ್ರ ಹೇಳುತ್ತಾನೆ. ಟಿವಿಯಲ್ಲಿ ಜಾಹೀರಾತು ಬಂದರೆ ಓಡಿಬರುತ್ತಾನೆ, ಹಾಗಾಗಿ ಕಿವಿ ಸರಿಯಿದೆ ಅಂದುಕೊಂಡಿದ್ದೇವೆ. ನನ್ನ ಗಂಡ, 'ಆಯುರ್ವೇದ ತಾನೇ, ಏನೂ ಆಗಲ್ಲ ಬಿಡು' ಎನ್ನುತ್ತಾರೆ. ಮಗಳಿಗೆ ನಿಲ್ಲಿಸಬೇಕೇ? ಮಗನಿಗೆ ಈಗಲಾದರೂ ಬಜೆಯನ್ನೋ ಸಾರಸ್ವತಾರಿಷ್ಟವನ್ನೋ ಶುರು ಮಾಡಬಹುದೇ?

ಉತ್ತರ: ಮೊದಲು ನೇರವಾಗಿ ಹೇಳಿಬಿಡುತ್ತೇನೆ, ಕಾರಣ ಆಮೇಲೆ. ಮಗಳಿಗೆ ಬಜೆ ಮತ್ತು ಜೇನು ಎರಡನ್ನೂ ಇವತ್ತೇ ನಿಲ್ಲಿಸಿ. ಕೈಯ ಬಳೆ ತೆಗೆಯಿರಿ. ಮಗನಿಗೆ ಬಜೆಯೂ ಬೇಡ, ಅರಿಷ್ಟವೂ ಬೇಡ. ಅವನಿಗೆ ಬೇಕಾಗಿರುವುದು ಕಿವಿಯ ಪರೀಕ್ಷೆ, ಅದೂ ಈ ತಿಂಗಳಲ್ಲೇ. ನಿಮ್ಮ ಪತ್ರದಲ್ಲಿ ಕೇಳಿರುವುದು ಹೆಚ್ಚಾಗಿ ಮಗಳ ಬಗ್ಗೆ. ಆದರೆ ಓದಿದ ಮೇಲೆ ನನಗೆ ಹೆಚ್ಚು ಚಿಂತೆಯಾಗಿದ್ದು ಮಗನ ಬಗ್ಗೆ.

ನಾನು ಆಯುರ್ವೇದದಲ್ಲಿ ಬಾಲರೋಗ ಓದಿದವಳು. ತಾಲ್ಲೂಕು ಊರೊಂದರಲ್ಲಿ ಇಪ್ಪತ್ತಕ್ಕೂ ಹೆಚ್ಚು ವರ್ಷದಿಂದ ಮಕ್ಕಳನ್ನೇ ನೋಡುತ್ತಿದ್ದೇನೆ. ನಾನೂ ಬಜೆ ನೆಕ್ಕಿಯೇ ಬೆಳೆದವಳು. ನಮ್ಮಜ್ಜಿಯ ಸಾಣೆಕಲ್ಲು ಈಗಲೂ ನಮ್ಮ ಮನೆಯಲ್ಲಿದೆ. ಪ್ರಾಕ್ಟೀಸಿನ ಮೊದಲ ವರ್ಷಗಳಲ್ಲಿ ಯಾರಾದರೂ ಕೇಳಿದರೆ 'ಒಂಚೂರು ಕೊಡಿ, ಪರವಾಗಿಲ್ಲ' ಎಂದು ನಾನೇ ಹೇಳಿದ್ದುಂಟು. ಈಗ ಹೇಳುವುದಿಲ್ಲ. ಆದ್ದರಿಂದ ಇದು ಆಯುರ್ವೇದವನ್ನು ಹೀಗಳೆಯುವವರ ಉತ್ತರವಲ್ಲ ಎಂದು ನಿಮ್ಮ ಮನೆಯವರಿಗೂ ಅತ್ತೆಯವರಿಗೂ ತಿಳಿಸಿ.

ಬಜೆಗೂ ಮಾತಿಗೂ ನಂಟು ಬಂದಿದ್ದು ಎಲ್ಲಿಂದ? ಅರ್ಧ ಉತ್ತರ ಹೆಸರಿನಲ್ಲೇ ಇದೆ. ಸಂಸ್ಕೃತದಲ್ಲಿ ಬಜೆಯ ಹೆಸರು ವಚಾ. 'ವಚ್' ಅಂದರೆ ಮಾತಾಡು. ವಚನ, ವಾಚಕ, ವಾಚಾಳಿ ಎಲ್ಲ ಅದೇ ಬೇರಿನವು. ಮಾತಿನ ಹೆಸರಿಟ್ಟುಕೊಂಡ ಬೇರು ಮಾತು ತರಿಸುತ್ತದೆ ಎಂದು ಜನ ನಂಬಿದ್ದರಲ್ಲಿ ಆಶ್ಚರ್ಯವೇನೂ ಇಲ್ಲ. ಇದು ಬರೀ ಅಜ್ಜಿಯರ ನಂಬಿಕೆ ಎಂದು ತಳ್ಳಿಹಾಕುವಂತೆಯೂ ಇಲ್ಲ. ಸುಶ್ರುತ ಸಂಹಿತೆಯಲ್ಲಿ ಶಿಶುವಿಗೆ ನೆಕ್ಕಿಸುವ ಲೇಹಗಳಲ್ಲಿ ಚಿನ್ನ, ಜೇನು, ತುಪ್ಪದ ಜೊತೆ ವಚಾ ಬರುತ್ತದೆ. ನಿಮ್ಮ ಅತ್ತೆಯವರ ಚಿನ್ನದ ಉಂಗುರದ ಹಿಂದೆ ಇರುವುದು ಇದೇ ನೆನಪು. ಆದರೆ ಚರಕ ಹೆಸರಿಸಿದ ನಾಲ್ಕು ಮೇಧ್ಯ ರಸಾಯನಗಳು, ಅಂದರೆ ಬುದ್ಧಿಗೆ ಒಳ್ಳೆಯದೆಂದು ಎತ್ತಿ ಹೇಳಿದವು, ಯಾವುವು ನೋಡಿ: ಮಂಡೂಕಪರ್ಣಿ, ಅಂದರೆ ನಮ್ಮ ಒಂದೆಲಗ, ಯಷ್ಟಿಮಧು, ಅಂದರೆ ಅತಿಮಧುರ, ಗುಡೂಚಿ, ಅಂದರೆ ಅಮೃತಬಳ್ಳಿ, ಮತ್ತು ಶಂಖಪುಷ್ಪಿ. ಈ ಪಟ್ಟಿಯಲ್ಲಿ ಬಜೆ ಇಲ್ಲ. ಚರಕನಲ್ಲಿ ಬಜೆ ಕಾಣಿಸಿಕೊಳ್ಳುವುದು ಕೊಬ್ಬು ಕರಗಿಸುವ, ಚಳಿ ಕಳೆಯುವ, ಪ್ರಜ್ಞೆ ತಪ್ಪಿದವರನ್ನು ಎಚ್ಚರಿಸುವ ಗುಂಪುಗಳಲ್ಲಿ. ಉಗ್ರಗಂಧಾ ಎಂಬುದು ಅದರ ಇನ್ನೊಂದು ಹೆಸರು. ಅಂದರೆ ಅದು ತೀಕ್ಷ್ಣವಾದ ಮದ್ದು, ಮೆತ್ತನೆಯ ಮದ್ದಲ್ಲ ಎಂಬುದು ಹಿಂದಿನವರಿಗೆ ಚೆನ್ನಾಗಿಯೇ ಗೊತ್ತಿತ್ತು.

ಎಷ್ಟು ತೀಕ್ಷ್ಣ ಎಂಬುದಕ್ಕೆ ಒಂದೇ ಲೆಕ್ಕ ಸಾಕು. ಭಾರತದ ಆಯುರ್ವೇದ ಫಾರ್ಮಕೋಪಿಯಾದಲ್ಲಿ, ಅಂದರೆ ಸರ್ಕಾರದ ಅಧಿಕೃತ ಔಷಧ ಗ್ರಂಥದಲ್ಲಿ, ಬಜೆ ಪುಡಿಯ ಪ್ರಮಾಣ 60ರಿಂದ 120 ಮಿಲಿಗ್ರಾಂ. ಅದೇ ಬಜೆಯನ್ನು ವಾಂತಿ ಮಾಡಿಸಲು ಕೊಡುವ ಪ್ರಮಾಣ 1ರಿಂದ 2 ಗ್ರಾಂ. ಎರಡೂ ದೊಡ್ಡವರ ಲೆಕ್ಕ. ವಮನ ಚಿಕಿತ್ಸೆಯಲ್ಲಿ ಹೊಟ್ಟೆಯಲ್ಲಿದ್ದುದನ್ನೆಲ್ಲ ಹೊರಹಾಕಿಸಲು ಬಳಸುವ ದ್ರವ್ಯ ಇದು. ನಿಮ್ಮ ಮಗಳ ತೂಕ ಆರು ಕಿಲೋ ಇರಬಹುದು. ಬರೀ ತೂಕದ ಅನುಪಾತದಲ್ಲಿ ಲೆಕ್ಕ ಹಾಕಿದರೂ ಅವಳ ಪಾಲಿಗೆ ಬರುವುದು ಅಕ್ಕಿಕಾಳಿನ ಅರ್ಧ ತೂಕ. ಅದರಾಚೆಗೆ ಹೋದಷ್ಟೂ ವಾಂತಿ ಬರಿಸುವ ಪ್ರಮಾಣದ ಹತ್ತಿರಕ್ಕೆ ಹೋದಂತೆ. ಈಗ ಹೇಳಿ, ನಾಲ್ಕು ಸುತ್ತು ತೇಯ್ದರೆ ಎಷ್ಟು ಇಳಿಯುತ್ತದೆ? ಅದು ಕಲ್ಲು ಎಷ್ಟು ತರಿ, ಬೇರು ಎಷ್ಟು ಹಳೆಯದು, ತೇಯುವ ಕೈ ಎಷ್ಟು ಒತ್ತುತ್ತದೆ ಎಂಬುದರ ಮೇಲೆ ನಿಂತಿದೆ. ಒಂದು ದಿನ ನಾಲ್ಕು ಸುತ್ತಿಗೆ ಬಂದಿದ್ದು ಇನ್ನೊಂದು ದಿನ ಎರಡೇ ಸುತ್ತಿಗೆ ಬಂದಿರುತ್ತದೆ. ಗದ್ದೆಯಿಂದ ಹೊಸದಾಗಿ ಬಂದ ಬೇರಾದರೆ ಘಾಟು ಇನ್ನೂ ಜಾಸ್ತಿ. ಕಳೆದ ವಾರದ ವಾಂತಿಗೆ ಬಜೆಯೇ ಕಾರಣವೆಂದು ಇಲ್ಲಿ ಕೂತು ಖಡಾಖಂಡಿತವಾಗಿ ಹೇಳಲಾರೆ, ನಾಲ್ಕು ತಿಂಗಳ ಕೂಸುಗಳು ನೂರು ಕಾರಣಕ್ಕೆ ಕಕ್ಕುತ್ತವೆ. ಆದರೆ ನೆಕ್ಕಿಸಿದ ಮೇಲೆ ಮೂರು ಸಲ ವಾಂತಿ, ಆಮೇಲೆ ಹಾಲಿಗೂ ಏಳದ ಮಂಪರು, ಇವೆರಡೂ ಒಟ್ಟಿಗೆ ಬಂದರೆ ನನಗೆ ಮೊದಲ ಅನುಮಾನ ಬಜೆಯ ಮೇಲೆಯೇ.

ಆ ಮಂಪರಿನ ಬಗ್ಗೆ ಇನ್ನೊಂದು ಮಾತು. 'ಬಜೆ ಹಾಕಿದರೆ ಮಗು ಚೆನ್ನಾಗಿ ನಿದ್ದೆ ಮಾಡುತ್ತೆ' ಎಂದು ಎಷ್ಟೋ ಅಜ್ಜಿಯರು ಖುಷಿಯಿಂದ ಹೇಳುತ್ತಾರೆ. ಬಿಸಿನೀರು, ಎಣ್ಣೆ, ಸಾಂಬ್ರಾಣಿ ಹೊಗೆ, ಹೊಟ್ಟೆ ತುಂಬ ಹಾಲು, ಇಷ್ಟಾದರೆ ಯಾವ ಮಗುವೂ ನಿದ್ದೆ ಮಾಡುತ್ತದೆ. ಆದರೆ ಬಜೆಯ ಎಣ್ಣೆಯಲ್ಲಿರುವ ಅಸರೋನ್ ಎಂಬ ಪದಾರ್ಥಕ್ಕೆ ಮಿದುಳನ್ನು ಮಂಕು ಮಾಡುವ ಗುಣ ಇದೆ. ಪ್ರಾಣಿಗಳ ಮೇಲೆ ಪ್ರಯೋಗ ಮಾಡಿದಾಗ ನಿದ್ದೆ ಔಷಧಿಯ ಪರಿಣಾಮವನ್ನು ಅದು ಹೆಚ್ಚಿಸಿದ್ದು ಕಂಡಿದೆ. ಹಸಿವಾದರೆ ಏಳುವುದು ಕೂಸಿಗೆ ಸಹಜ. ಹಸಿವಾದರೂ ಏಳದ ನಿದ್ದೆಯನ್ನು ನಾನು ಒಳ್ಳೆಯ ನಿದ್ದೆ ಎಂದು ಕರೆಯುವುದಿಲ್ಲ.

ನಿಮ್ಮವರ 'ಏನೂ ಆಗಲ್ಲ'ಕ್ಕೆ ಬರೋಣ. 'ನಮ್ಮ ಗದ್ದೆಯದು, ಔಷಧಿ ಹೊಡೆದಿಲ್ಲ' ಎಂಬ ಮಾತೂ ಇದರ ಜೊತೆಗೇ ಬರುತ್ತದೆ. ಸಮಸ್ಯೆ ಹೊಡೆದ ಔಷಧಿಯದಲ್ಲ, ಬೇರಿನೊಳಗೇ ಇರುವುದರದು. ಪ್ರಪಂಚದ ಬಜೆಯೆಲ್ಲ ಒಂದೇ ಜಾತಿಯಾದರೂ ಒಳಗುಣ ಒಂದೇ ಅಲ್ಲ. ಅಮೆರಿಕದ್ದರಲ್ಲಿ ವರ್ಣತಂತುಗಳು ಎರಡು ಸೆಟ್, ಅದರಲ್ಲಿ ಬೀಟಾ ಅಸರೋನ್, ಅಂದರೆ ಆಗಲೇ ಹೇಳಿದ ಅಸರೋನಿನ ಒಂದು ಬಗೆ, ಇಲ್ಲ. ಯುರೋಪಿನದ್ದು ಮೂರು ಸೆಟ್ಟಿನದು, ಅದರಲ್ಲಿ ಸ್ವಲ್ಪ. ನಾಲ್ಕು ಸೆಟ್ ಇರುವ ಬಜೆ ಸಿಗುವುದು ಏಷ್ಯಾದಲ್ಲಿ, ಭಾರತವೂ ಸೇರಿ. ಅದರ ಎಣ್ಣೆಯಲ್ಲಿ ಮುಕ್ಕಾಲು ಪಾಲಿಗೂ ಮೀರಿ ಬೀಟಾ ಅಸರೋನ್ ಇರುವ ಮಾದರಿಗಳಿವೆ. 1960ರ ದಶಕದಲ್ಲಿ ಅಮೆರಿಕದಲ್ಲಿ ಇಲಿಗಳಿಗೆ ನಮ್ಮ ಜಮ್ಮುವಿನ ಬಜೆಯ ಎಣ್ಣೆಯನ್ನು ಆಹಾರದಲ್ಲಿ ಬೆರೆಸಿ ದೀರ್ಘಕಾಲ ತಿನ್ನಿಸಿದಾಗ ಸಣ್ಣಕರುಳಿನಲ್ಲಿ ಗೆಡ್ಡೆಗಳು ಕಂಡವು. 1968ರಲ್ಲಿ ಅಲ್ಲಿನ ಆಹಾರ ಮತ್ತು ಔಷಧ ಆಡಳಿತವು ಬಜೆಯನ್ನೂ ಅದರ ಎಣ್ಣೆಯನ್ನೂ ಆಹಾರದಲ್ಲಿ ಬಳಸುವುದನ್ನು ನಿಷೇಧಿಸಿತು. ಯುರೋಪಿನಲ್ಲೂ ಆಹಾರ ಪಾನೀಯಗಳಲ್ಲಿ ಬೀಟಾ ಅಸರೋನ್ ಎಷ್ಟಿರಬಹುದು ಎಂಬುದಕ್ಕೆ ಮಿತಿ ಹಾಕಿದ್ದಾರೆ.

ಇದನ್ನು ಓದಿ ಗಾಬರಿಯಾಗಬೇಡಿ. ಇಲಿಗಳಿಗೆ ಕೊಟ್ಟಿದ್ದು ಬಹಳ ದೊಡ್ಡ ಪ್ರಮಾಣ. ಬಜೆ ನೆಕ್ಕಿದ ಮಕ್ಕಳಿಗೆ ಕ್ಯಾನ್ಸರ್ ಬಂತು ಎಂದು ಯಾರೂ ತೋರಿಸಿಲ್ಲ. ಹಾಗಿದ್ದಿದ್ದರೆ ಹಳೇ ಮೈಸೂರಿನಲ್ಲಿ ಅರ್ಧ ಜನ ಉಳಿಯುತ್ತಿರಲಿಲ್ಲ. ನನ್ನ ಆತಂಕ ಅದಲ್ಲ. ಈ ಪದಾರ್ಥ ಮೈಯಿಂದ ಹೊರಹೋಗಬೇಕಾದರೆ ಲಿವರ್ ಅದನ್ನು ಒಡೆಯಬೇಕು, ಒಡೆಯುವಾಗ ಹುಟ್ಟುವ ತುಣುಕುಗಳೇ ತಂಟೆಕೋರ. ದೊಡ್ಡವರ ಲಿವರ್ ಅದನ್ನು ಹೇಗೋ ನಿಭಾಯಿಸುತ್ತದೆ. ನಾಲ್ಕು ತಿಂಗಳ ಮಗುವಿನ ಲಿವರ್ ಇನ್ನೂ ಕೆಲಸ ಕಲಿಯುತ್ತಿರುತ್ತದೆ. ಅದಕ್ಕೆ ದಿನಾ ಬೆಳಿಗ್ಗೆ ಇಂಥ ಕೆಲಸ ಹಚ್ಚುವುದರಿಂದ ಬರುವ ಲಾಭವೇನು ಎಂದು ಕೇಳಿದರೆ ನನ್ನ ಬಳಿ ಉತ್ತರವಿಲ್ಲ. ಮಕ್ಕಳಿಗೆ ಬಜೆ ಕೊಟ್ಟದ್ದರಿಂದ ಮಾತು ಬೇಗ ಬಂದದ್ದನ್ನು ನಾನು ಕಂಡಿಲ್ಲ. ವಾಂತಿ, ಮಂಪರು, ಭೇದಿ ಬಂದದ್ದನ್ನು ಕಂಡಿದ್ದೇನೆ. ಒಮ್ಮೆ ಒಂದು ಕೂಸನ್ನು ಜೋಲುಮೋರೆಯಲ್ಲಿ ತಂದರು. ವಿಚಾರಿಸಿದರೆ ಬೆಳಿಗ್ಗೆ ಅಜ್ಜಿ ಹಾಕಿದ್ದಾರೆ, ಅಜ್ಜಿ ದೇವಸ್ಥಾನಕ್ಕೆ ಹೋದಾಗ ಹಾಕಿಲ್ಲವೇನೋ ಎಂದುಕೊಂಡು ದೊಡ್ಡಮ್ಮನೂ ಹಾಕಿದ್ದಾರೆ. ಇಬ್ಬರ ಮನಸ್ಸಿನಲ್ಲೂ ಕೆಟ್ಟದ್ದೇನಿರಲಿಲ್ಲ. ತಾಲ್ಲೂಕು ಆಸ್ಪತ್ರೆಯಲ್ಲಿ ಒಂದು ದಿನ ಡ್ರಿಪ್ ಹಾಕಿಸಿಕೊಂಡು ಮಗು ಮನೆಗೆ ಹೋಯಿತು.

ದೊಡ್ಡವರಿಗೇ ಜಾಸ್ತಿಯಾದರೆ ಏನಾಗುತ್ತದೆ ಎಂಬುದಕ್ಕೆ ಸ್ವೀಡನ್ನಿನ ದಾಖಲೆಯಿದೆ. ಅಲ್ಲಿ ಕೆಲವರು ನಶೆಗೆಂದು ಬಜೆ ಬೇರು ತಿಂದು ಆಸ್ಪತ್ರೆ ಸೇರಿದ್ದರು. ವಿಷ ಮಾಹಿತಿ ಕೇಂದ್ರ ನೋಡಿದ 30 ಪ್ರಕರಣಗಳಲ್ಲಿ ಮುಖ್ಯವಾಗಿ ಕಂಡದ್ದು ನಶೆಯಲ್ಲ, ಬಿಡದ ವಾಂತಿ. ಕೆಲವರಿಗೆ ಅದು ಹದಿನೈದು ಗಂಟೆಗೂ ಮೀರಿ ನಡೆಯಿತು.

'ನನ್ನ ನಾಲ್ಕೂ ಮಕ್ಕಳು ಇದನ್ನೇ ತಿಂದು ಬೆಳೆದಿದ್ದು' ಎಂಬ ಮಾತು ಸುಳ್ಳಲ್ಲ. ಅದಕ್ಕೆ ಎದುರು ವಾದ ಮಾಡಲು ಹೋಗಬೇಡಿ. ಬಹಳಷ್ಟು ಮಕ್ಕಳಿಗೆ ಏನೂ ಆಗುವುದಿಲ್ಲ, ಯಾಕೆಂದರೆ ಹೆಚ್ಚಿನ ಅಜ್ಜಿಯರ ಕೈ ಹಗುರ. ಇನ್ನೊಂದೂ ಇದೆ. ಹಿಂದೆ ಬಜೆಯನ್ನು ಹರಳೆಣ್ಣೆ ದೀಪದಲ್ಲಿ ಸುಟ್ಟು, ಕರಿಯಾದ ಮೇಲೆ ತೇಯುವ ರೂಢಿ ಹಲವು ಮನೆಗಳಲ್ಲಿತ್ತು. ಸುಟ್ಟಾಗ ಹಾರುವ ಎಣ್ಣೆ ಒಂದಷ್ಟು ಹೋಗುತ್ತದೆ. ವೈದ್ಯರಾದರೆ ಗೋಮೂತ್ರ, ಕಷಾಯಗಳಲ್ಲಿ ಬೇಯಿಸಿ ಶೋಧನೆ ಮಾಡಿಯೇ ಬಜೆಯನ್ನು ಒಳಗೆ ಕೊಡುತ್ತಿದ್ದರು. ಈಗ ಗ್ರಂಥಿಗೆ ಅಂಗಡಿಯಿಂದಲೋ ಗದ್ದೆಯಿಂದಲೋ ನೇರ ಕಲ್ಲಿಗೆ. ಸುಡುವುದೂ ಇಲ್ಲ, ಶೋಧನೆಯೂ ಇಲ್ಲ. ಹಾಗೆಂದು ಸುಟ್ಟು ಕೊಡಿ ಎಂದು ನಾನು ಹೇಳುತ್ತಿಲ್ಲ. ಎಷ್ಟು ಹೋಯಿತು, ಎಷ್ಟು ಉಳಿಯಿತು ಎಂದು ಅಡುಗೆಮನೆಯಲ್ಲಿ ಅಳೆಯಲು ಬರುವುದಿಲ್ಲ. ಅಂಗಡಿಯ ಮಾತು ಬಂತು, ಇನ್ನೊಂದು ಎಚ್ಚರಿಕೆ: ಅತಿಬಜೆ ಅಥವಾ ಅತಿವಿಷ ಎಂದು ಕೇಳಿ ತರುವ ಬೇರಿಗೂ ಬಜೆಗೂ ಸಂಬಂಧವಿಲ್ಲ. ಅದು ಹಿಮಾಲಯದ ಬೇರೆಯೇ ಗಿಡ, ವತ್ಸನಾಭದ ಕುಲದ್ದು. ವತ್ಸನಾಭ ಕಡುವಿಷ. ಅಂಗಡಿಯವನು ಹೆಸರು ಗೊಂದಲ ಮಾಡಿಕೊಂಡರೆ ಅಥವಾ ಕೈತಪ್ಪಿ ಬೇರೆ ಬೇರು ಕಟ್ಟಿಕೊಟ್ಟರೆ ಕೂಸಿನ ಜೀವಕ್ಕೇ ಬರುತ್ತದೆ. ಜಾಯಿಕಾಯಿ, ಮಾಚಿಕಾಯಿ, ಅಳಲೆಕಾಯಿ ಎಲ್ಲ ಸೇರಿಸಿ ತೇಯುವ ಮನೆಗಳೂ ಇವೆ; ಅವುಗಳಲ್ಲಿ ಜಾಯಿಕಾಯಿಯೂ ಜಾಸ್ತಿಯಾದರೆ ಮಂಪರು ತರುತ್ತದೆ.

ಇನ್ನು ಜೇನು. ನನ್ನನ್ನು ಕೇಳಿದರೆ ನಿಮ್ಮ ಮಗಳ ನಾಲಿಗೆಗೆ ಹೋಗುತ್ತಿರುವುದರಲ್ಲಿ ಬಜೆಯಷ್ಟೇ ಯೋಚಿಸಬೇಕಾದದ್ದು ಇದು. ಜೇನಿನಲ್ಲಿ ಬೊಟುಲಿಸಂ ರೋಗದ ಬ್ಯಾಕ್ಟೀರಿಯಾದ ಬೀಜಕಣಗಳು ಇರಬಹುದು. ದೊಡ್ಡವರ ಕರುಳಿನಲ್ಲಿ ಅವು ಮೊಳೆಯುವುದಿಲ್ಲ. ವರ್ಷದೊಳಗಿನ ಮಗುವಿನ ಕರುಳಿನಲ್ಲಿ ಮೊಳೆತು ವಿಷ ಬಿಡುಗಡೆ ಮಾಡಬಲ್ಲವು. ಆಗ ಮೊದಲು ಮಲಬದ್ಧತೆ, ಆಮೇಲೆ ಕಣ್ಣುರೆಪ್ಪೆ ಜೋಲುವುದು, ಅಳು ಸಣ್ಣಗಾಗುವುದು, ಹಾಲು ಚೀಪಲು ಶಕ್ತಿಯಿಲ್ಲದಂತಾಗುವುದು, ಕೊನೆಗೆ ಉಸಿರಾಟಕ್ಕೇ ತೊಂದರೆ. ಅಪರೂಪ ನಿಜ, ಆದರೆ ಬಂದರೆ ಐಸಿಯು ಪಾಲು. ಹೆಜ್ಜೇನೋ ತುಡುವೆಯೋ, ಕೊಡಗಿನದೋ ಅಂಗಡಿಯ ಬಾಟಲಿಯದೋ, ಈ ವಿಷಯದಲ್ಲಿ ವ್ಯತ್ಯಾಸವಿಲ್ಲ. ಆದ್ದರಿಂದಲೇ ವರ್ಷ ತುಂಬುವವರೆಗೆ ಒಂದು ತೊಟ್ಟು ಜೇನೂ ಬೇಡ ಎನ್ನುವುದು. ಪುಷ್ಯ ನಕ್ಷತ್ರದ ದಿನ ಹಾಕಿಸುವ ಸ್ವರ್ಣಪ್ರಾಶನದಲ್ಲೂ ಜೇನಿರುತ್ತದೆ. ನನ್ನ ಕ್ಲಿನಿಕ್ಕಿನಲ್ಲಿ ವರ್ಷದೊಳಗಿನ ಮಕ್ಕಳಿಗೆ ಅದನ್ನು ಹಾಕುವುದಿಲ್ಲ. ಇದಕ್ಕೆ ನನ್ನ ಜೊತೆ ಜಗಳಕ್ಕೆ ನಿಂತ ಸಹೋದ್ಯೋಗಿಗಳಿದ್ದಾರೆ.

ಬಳೆಯ ವಿಷಯ ಚಿಕ್ಕದು. ನಾಲ್ಕು ತಿಂಗಳ ಮಗುವಿನ ಕೈ ದಿನವಿಡೀ ಬಾಯಲ್ಲೇ. ಮಣಿ ಜೊಲ್ಲಿನಲ್ಲಿ ನೆನೆಯುತ್ತದೆ, ರಸ ಒಳಗೆ ಹೋಗುತ್ತದೆ. ಅಂದರೆ ಸಾಣೆಕಲ್ಲು ನಿಲ್ಲಿಸಿದರೂ ಬಜೆ ನಿಲ್ಲುವುದಿಲ್ಲ. ದಾರ ಹರಿದು ಮಣಿ ಗಂಟಲಿಗೆ ಸಿಕ್ಕಿಕೊಂಡರೆ ಇನ್ನೂ ಅಪಾಯ. ದೃಷ್ಟಿಗೆ ಕಟ್ಟಲೇಬೇಕು ಎನ್ನುವುದಾದರೆ ಕೈಗೆಟುಕದ ಹಾಗೆ ಬಾಗಿಲಿಗೆ ಕಟ್ಟಿ.

ಈಗ ಮಗಳಿಗೆ ಮುಂದೇನು? ನಿಲ್ಲಿಸಿದ ಮೇಲೆ ಅವಳು ಹಾಲು ಕುಡಿದು ಆಡಿಕೊಂಡಿದ್ದರೆ ಸುಮ್ಮನೆ ರಕ್ತಪರೀಕ್ಷೆಗೆ ಓಡಬೇಕಿಲ್ಲ. ಕಣ್ಣು ಹಳದಿಯಾದರೆ, ವಾಂತಿ ಮರಳಿ ಬಂದರೆ, ಎಬ್ಬಿಸಿದರೂ ಏಳದಿದ್ದರೆ, ಅಳುವಿನ ಸದ್ದು ಕುಗ್ಗಿದರೆ ಅದೇ ಗಂಟೆಗೆ ಆಸ್ಪತ್ರೆಗೆ ಹೋಗಿ. ಹೋಗುವಾಗ ಬಜೆ ತುಂಡನ್ನೂ ಜೇನಿನ ಬಾಟಲಿಯನ್ನೂ ತೆಗೆದುಕೊಂಡು ಹೋಗಿ, ಏನು ಹಾಕಿದ್ದೇವೆ ಎಂಬುದನ್ನು ಮುಚ್ಚಿಡಬೇಡಿ. ಬೈಯುತ್ತಾರೆಂಬ ಹೆದರಿಕೆಗೆ ಮುಚ್ಚಿಟ್ಟು, ವೈದ್ಯರು ಬೇರೆಲ್ಲೋ ಕಾರಣ ಹುಡುಕಿ ಹೊತ್ತು ಕಳೆದದ್ದನ್ನು ನೋಡಿದ್ದೇನೆ. ಆರು ತಿಂಗಳವರೆಗೆ ಎದೆಹಾಲು ಬಿಟ್ಟು ಬೇರೇನೂ ಬೇಡ, ಡಾಕ್ಟರು ಬರೆದ ಹನಿಗಳನ್ನು ಬಿಟ್ಟು. ಎಣ್ಣೆ ನೀವುವುದು, ನೀರು ಹಾಕುವುದು ಧಾರಾಳವಾಗಿ ಮುಂದುವರಿಯಲಿ. ಹೊಟ್ಟೆಯುಬ್ಬರಕ್ಕೆ ಬಜೆ ಸುಟ್ಟ ಕರಿಯನ್ನು ಹರಳೆಣ್ಣೆಯಲ್ಲಿ ಕಲಸಿ ಹೊಕ್ಕಳ ಸುತ್ತ ಹಚ್ಚುವ ರೂಢಿಯಿದೆ. ಚರ್ಮ ಕೆಂಪಾಗದಿದ್ದರೆ ಅದರಿಂದ ಹೇಳುವಂಥ ಹಾನಿಯಿಲ್ಲ, ಆದರೆ ಹೊಟ್ಟೆ ಹಗುರಾಗುವುದು ಕೈ ನೀವುವುದರಿಂದಲೇ ಎಂದು ನನ್ನ ಅನಿಸಿಕೆ. ಹಚ್ಚಿದ ಕೈಯನ್ನು ಮಗುವಿನ ಬಾಯಿಗೆ ತಾಗಿಸದಿದ್ದರೆ ಸರಿ.

ಬಜೆಯನ್ನು ಯಾರಿಗೂ ಕೊಡಲೇಬಾರದೇ ಎಂದು ಕೇಳಬಹುದು. ಹಾಗಲ್ಲ. ಚಂದ್ರಪ್ರಭಾ ವಟಿಯಂಥ ದೊಡ್ಡವರ ಔಷಧಿಗಳಲ್ಲಿ ಶೋಧಿಸಿದ ಬಜೆ ಸಣ್ಣ ಪ್ರಮಾಣದಲ್ಲಿದೆ. ವೈದ್ಯರು ನೋಡಿ, ಅವಧಿ ಹೇಳಿ ಕೊಟ್ಟರೆ ಅದು ಬೇರೆ ಮಾತು. ಗರ್ಭಿಣಿಯರಿಗೆ ಬೇಡ. ಫಿಟ್ಸ್ ಮಾತ್ರೆ, ನಿದ್ದೆ ಮಾತ್ರೆ ತೆಗೆದುಕೊಳ್ಳುವವರು ಹೇಳದೆ ಸೇರಿಸಿಕೊಳ್ಳಬಾರದು. ಸಾರಸ್ವತಾರಿಷ್ಟದಲ್ಲೂ ಬಜೆ ಇದೆ. ಜೊತೆಗೆ ಎಲ್ಲ ಅರಿಷ್ಟಗಳಂತೆ ಹುದುಗಿದಾಗ ತಾನೇ ಹುಟ್ಟುವ ಮದ್ಯಾಂಶವೂ ಇದೆ. ಎರಡು ವರ್ಷದ ಮಗುವಿಗೆ ಅಂಗಡಿಯಿಂದ ತಂದು ಚಮಚದಲ್ಲಿ ಹಾಕುವ ವಸ್ತುವಲ್ಲ ಅದು. ಬಜೆ ನಿಜವಾಗಿ ನಿಸ್ಸಂಶಯವಾಗಿ ಕೆಲಸ ಮಾಡುವುದು ಎಲ್ಲಿ ಗೊತ್ತೇ? ಕಣಜದಲ್ಲಿ. ರಾಗಿ, ಕಾಳಿಗೆ ಹುಳ ಬೀಳದಂತೆ ಬಜೆ ತುಂಡು ಹಾಕುತ್ತಿದ್ದರು. ತಾಳೆಗರಿ ಕಟ್ಟುಗಳ ಜೊತೆ ಬಜೆ ಪುಡಿಯ ಗಂಟು ಇಡುತ್ತಿದ್ದರು. ಹುಳಕ್ಕೆ ಆಗದಿರುವುದೂ ಇದೇ ಬೀಟಾ ಅಸರೋನ್. ಕೊರಟಗೆರೆಯ ಬಜೆ ಮನೆಯಲ್ಲಿ ಮಿಕ್ಕಿದ್ದರೆ ರಾಗಿ ಡಬ್ಬಕ್ಕೂ ಸೀರೆ ಪೆಟ್ಟಿಗೆಗೂ ಹಾಕಿ.

ಈಗ ಮಗನ ವಿಷಯ. ಎರಡು ವರ್ಷಕ್ಕೆ ಮಕ್ಕಳು ಸುಮಾರು ಐವತ್ತು ಪದ ಆಡುತ್ತಾರೆ. 'ಅಪ್ಪ ಬಾ', 'ಹಾಲು ಬೇಡ' ಎಂದು ಎರಡೆರಡು ಪದ ಜೋಡಿಸಲು ತೊಡಗುತ್ತಾರೆ. ಎರಡು ವರ್ಷ ನಾಲ್ಕು ತಿಂಗಳಿಗೆ ಆರೇಳು ಪದ ಎಂದರೆ ಕಾದು ನೋಡುವ ಹಂತ ದಾಟಿದೆ. 'ಗಂಡುಮಕ್ಕಳು ಸ್ವಲ್ಪ ತಡ', 'ಅವರಪ್ಪನೂ ಮೂರು ವರ್ಷಕ್ಕೇ ಮಾತಾಡಿದ್ದು' ಎನ್ನುವ ಸಮಾಧಾನಗಳನ್ನು ಬದಿಗಿಡಿ. ಮಾತು ನಾಲಿಗೆಯಿಂದ ಬರುತ್ತದೆಂದು ನಾವೆಲ್ಲ ಅಂದುಕೊಳ್ಳುತ್ತೇವೆ, ಅದಕ್ಕೇ ನಾಲಿಗೆಗೆ ಬಜೆ ಹಚ್ಚುವುದು, ನಾಲಿಗೆಯಡಿಯ ನರ ಕತ್ತರಿಸಿ ಎಂದು ಕೇಳುವುದು. ಮಾತು ಬರುವುದು ಕಿವಿಯಿಂದ. ಕೇಳಿಸದ ಶಬ್ದವನ್ನು ಯಾವ ಮಗುವೂ ಆಡಲಾರದು.

ಟಿವಿ ಜಾಹೀರಾತಿಗೆ ಓಡಿಬರುವುದರಿಂದ ಕಿವಿ ಸರಿಯಿದೆ ಎಂದು ಹೇಳಲಾಗುವುದಿಲ್ಲ. ಜಾಹೀರಾತಿನ ಸಂಗೀತ ಗಟ್ಟಿ, ದಪ್ಪ ಶಬ್ದ. ಜೊತೆಗೆ ತೆರೆಯ ಬೆಳಕು ಬೇರೆ. ಸ, ಶ, ತ ಮುಂತಾದ ತೆಳು ಶಬ್ದಗಳು ಮಾತ್ರ ಕೇಳಿಸದ ಮಕ್ಕಳಿದ್ದಾರೆ. ಪದೇ ಪದೇ ಶೀತವಾಗಿ ಕಿವಿಯ ಪರದೆಯ ಹಿಂದೆ ನೀರು ತುಂಬಿಕೊಂಡರೂ ಎಲ್ಲ ಮಾತೂ ಗೋಡೆಯಾಚೆಯಿಂದ ಬಂದಂತೆ ಕೇಳಿಸುತ್ತದೆ. ಮೂರು ವರ್ಷ ದಾಟಿದ ಹುಡುಗಿಯೊಬ್ಬಳನ್ನು ಕೆಲವು ವರ್ಷಗಳ ಹಿಂದೆ ನನ್ನ ಬಳಿ ಕರೆತಂದಿದ್ದರು. ಒಂದೂವರೆ ವರ್ಷದಿಂದ ದಿನಾ ಬಜೆ ನೆಕ್ಕಿಸಿದ್ದರು, ಒಂದು ದಿನವೂ ತಪ್ಪಿಸಿರಲಿಲ್ಲ. ಬಜೆ ಅವಳಿಗೆ ಏನೂ ಮಾಡಿರಲಿಲ್ಲ, ಮೈಕೈ ತುಂಬಿಕೊಂಡು ಚೆನ್ನಾಗಿದ್ದಳು. ಆದರೆ ಎರಡೂ ಕಿವಿ ಹೆಚ್ಚುಕಡಿಮೆ ಕೇಳಿಸುತ್ತಿರಲಿಲ್ಲ. ಮಿದುಳು ಶಬ್ದಗಳನ್ನು ಗುರುತಿಸಲು ಕಲಿಯುವ ಮೊದಲ ಮೂರು ವರ್ಷದಲ್ಲಿ ಅರ್ಧಕ್ಕರ್ಧ ಬಜೆಯನ್ನು ನಂಬಿ ಕಳೆದಿದ್ದರು. ಬಜೆಯ ಅಡ್ಡಪರಿಣಾಮ ಎಂದರೆ ನನಗೆ ವಾಂತಿಗಿಂತ ಮೊದಲು ನೆನಪಾಗುವವಳು ಆ ಹುಡುಗಿ.

ಪರೀಕ್ಷೆ ನೋವಿನದಲ್ಲ. ಓಎಇ ಎಂಬುದರಲ್ಲಿ ಕಿವಿಗೆ ಮೆತ್ತನೆಯ ಸಣ್ಣ ತುದಿ ಇಟ್ಟು ಕೆಲವೇ ನಿಮಿಷ ನೋಡುತ್ತಾರೆ. ಬೇಕೆನಿಸಿದರೆ ಮಗು ಮಲಗಿದಾಗ ಬೆರಾ ಎಂಬ ಇನ್ನೊಂದು ಕಿವಿಯ ಪರೀಕ್ಷೆ ಮಾಡುತ್ತಾರೆ. ಬೆಂಗಳೂರಿನಲ್ಲಿ ನಿಮ್ಹಾನ್ಸ್‌ನ ವಾಕ್ ಶ್ರವಣ ವಿಭಾಗವಿದೆ. ಮೈಸೂರಿನಲ್ಲಿ 1965ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ. ಕನ್ನಡದಲ್ಲೇ ಪರೀಕ್ಷೆ, ಕನ್ನಡದಲ್ಲೇ ತರಬೇತಿ. ಬೇರೆ ಊರಿನ ಓದುಗರಿಗೆ: ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಜಿಲ್ಲಾ ಮಟ್ಟದಲ್ಲಿ ಶೀಘ್ರ ಪತ್ತೆ ಕೇಂದ್ರಗಳಿವೆ, ಅಲ್ಲಿ ಖರ್ಚಿಲ್ಲ. ಕಿವಿ ಸರಿಯಿದೆ ಎಂದಾದರೆ ಮುಂದಿನ ಪ್ರಶ್ನೆಗಳು ಬೇರೆ. ಹೆಸರು ಕರೆದರೆ ತಿರುಗುತ್ತಾನೆಯೇ, ಬೇಕಾದ್ದನ್ನು ಬೆರಳು ತೋರಿಸಿ ಕೇಳುತ್ತಾನೆಯೇ, ಕಣ್ಣಲ್ಲಿ ಕಣ್ಣಿಟ್ಟು ನಗುತ್ತಾನೆಯೇ, ದಿನಕ್ಕೆ ಎಷ್ಟು ಹೊತ್ತು ಮೊಬೈಲ್, ಟಿವಿ? ಬಾಣಂತನದ ಮನೆಯಲ್ಲಿ ದೊಡ್ಡ ಮಗುವಿನ ಕೈಗೆ ಮೊಬೈಲ್ ಬಂದುಬಿಡುತ್ತದೆ, ನಿಮ್ಮನ್ನು ದೂರುತ್ತಿಲ್ಲ, ಎಲ್ಲರ ಮನೆಯ ಕಥೆ. ಈ ಉತ್ತರಗಳ ಮೇಲೆ ವಾಕ್ ಚಿಕಿತ್ಸಕರು ದಾರಿ ಹೇಳುತ್ತಾರೆ. ಮನೆಯಲ್ಲಿ ಎರಡು ಭಾಷೆ ಆಡುವುದರಿಂದ ಮಾತು ತಡವಾಗುವುದಿಲ್ಲ, ಅದನ್ನು ನಿಲ್ಲಿಸಬೇಡಿ.

ಅತ್ತೆಯವರಿಗೆ ಹೇಳುವುದು ಹೇಗೆ ಎಂದು ನೀವು ಕೇಳಿಲ್ಲ, ಆದರೆ ಪತ್ರದ ಸಾಲುಗಳ ನಡುವೆ ಅದೇ ಇದೆ. 'ಡಾಕ್ಟರು ಬೇಡ ಅಂದರು' ಎಂದರೆ ಅವರು ನೊಂದುಕೊಳ್ಳಬಹುದು. ಮಕ್ಕಳ ಚಿಕಿತ್ಸೆಗೇ ಮೀಸಲಾದ ಹಳೆಯ ಗ್ರಂಥ ಕಾಶ್ಯಪ ಸಂಹಿತೆ. ನೆಕ್ಕಿಸುವ ಔಷಧಿಗಳನ್ನು ಹೊಗಳುವ ಅಧ್ಯಾಯದಲ್ಲೇ ಅದು ದಿನದಿನವೂ ನೆಕ್ಕಿಸಬೇಡ, ಹಾಲು ಕುಡಿದ ಮೇಲೆ ಬೇಡ, ಅತಿಯಾಗಿ ಬೇಡ, ಮಗುವಿಗೆ ಒಗ್ಗದಿದ್ದರೆ ಬೇಡ ಎಂದು ಹೇಳಿದೆ. ನಿಮ್ಮ ಮಗಳಿಗೆ ಒಗ್ಗಲಿಲ್ಲ, ವಾಂತಿಯಾಯಿತು. ಶಾಸ್ತ್ರದ ಲೆಕ್ಕದಲ್ಲೇ ನಿಲ್ಲಿಸಲು ಅಷ್ಟು ಸಾಕು. ಇದನ್ನು ನಿಮಗಿಂತ ನಿಮ್ಮ ಯಜಮಾನರು ಹೇಳಿದರೆ ಒಳ್ಳೆಯದು. ಮಗಳ ನೀರು ಹಾಕುವ ಕೆಲಸವನ್ನು ಅತ್ತೆಯವರಿಂದ ಕಿತ್ತುಕೊಳ್ಳಬೇಡಿ. ಉಂಗುರ, ಕಲ್ಲು ಮಾತ್ರ ಒಳಗಿರಲಿ.

ಮಗನ ಪರೀಕ್ಷೆಗೆ ಹೋಗುವಾಗ ಅವರನ್ನೂ ಕರೆದುಕೊಂಡು ಹೋಗಿ. ನೀವು ಮಗಳ ಜೊತೆ ಒಳಕೋಣೆಯಲ್ಲಿರುವಾಗ ಇಡೀ ದಿನ ಅವನ ಹಿಂದೆ ಓಡಾಡುತ್ತಿರುವವರು ಅವರೇ. ಕುಕ್ಕರ್ ಕೂಗಿದರೆ ತಿರುಗುತ್ತಾನೋ, ಹಿಂದಿನಿಂದ ಮೆಲ್ಲಗೆ ಕರೆದರೆ ತಿರುಗುತ್ತಾನೋ, ನೋಡಿದ್ದನ್ನು ಮಾತ್ರ ಅನುಸರಿಸುತ್ತಾನೋ, ಅಲ್ಲಿ ಕೇಳುವ ಇಂಥ ಪ್ರಶ್ನೆಗಳಿಗೆ ಸರಿಯಾದ ಉತ್ತರ ಇರುವುದು ಅವರ ಬಳಿ.